ಇನ್ನೂ ಬಾರದ ಲಸಿಕೆಯ ಮಾತು

ಮೇ 18ನ್ನು ಜಗತ್ತಿನ ಹಲವೆಡೆ ಎಚ್‌ಐವಿ ಲಸಿಕೆ ಜಾಗೃತಿ ದಿನವೆಂದು ಆಚರಿಸುತ್ತಾರೆ. ಈ ಹೆಸರು ಕೇಳಿದವರು ಮೊದಲು ಕೇಳುವುದು, ಆ ಲಸಿಕೆ ಎಲ್ಲಿ ಸಿಗುತ್ತದೆ ಎಂದು. ಎಲ್ಲಿಯೂ ಸಿಗುವುದಿಲ್ಲ, ಇನ್ನೂ ಬಂದೇ ಇಲ್ಲ. ಪಲ್ಸ್ ಪೋಲಿಯೊ ಭಾನುವಾರದ ಜಾಗೃತಿ ಸುಲಭವಾಗಿತ್ತು: ಬೂತಿನಲ್ಲಿ ಎರಡು ಹನಿ ಸಿದ್ಧವಿರುತ್ತಿತ್ತು, ಮಗುವನ್ನು ಎತ್ತಿಕೊಂಡು ಬನ್ನಿ ಎಂದು ಡಂಗುರ ಸಾರಿದರೆ ಸಾಕಿತ್ತು. ಎಚ್‌ಐವಿಗೆ ಅಂಥ ಬೂತೇ ಇಲ್ಲದಿರುವಾಗ ಜನರಿಗೆ ಏನನ್ನು ತಿಳಿಸಬೇಕು? ಲಸಿಕೆ ಸಿದ್ಧವಾಗಲಿ, ಆಮೇಲೆ ಹೇಳೋಣ ಎನ್ನುವವರು ನಮ್ಮ ಆರೋಗ್ಯ ಇಲಾಖೆಗಳಲ್ಲೂ ಪತ್ರಿಕಾ ಕಚೇರಿಗಳಲ್ಲೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಎಚ್‌ಐವಿ ಲಸಿಕೆ ಪ್ರಯೋಗಾಲಯದಲ್ಲಿ ಪೂರ್ತಿ ತಯಾರಾಗಿ ಹೊರಬರುವ ವಸ್ತುವಲ್ಲ. ಅದು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಗೊತ್ತಾಗಬೇಕಾದರೆ ಸೋಂಕಿಲ್ಲದ ಸಾವಿರಾರು ಜನ ವರ್ಷಗಟ್ಟಲೆ ತೋಳು ಒಡ್ಡಬೇಕು, ರಕ್ತ ಕೊಡಬೇಕು, ಖಾಸಗಿ ಬದುಕಿನ ಪ್ರಶ್ನೆಗಳಿಗೆ ಉತ್ತರಿಸಬೇಕು. ಅವರು ಬರುವುದು ಜನರ ನಡುವಿನಿಂದಲೇ. ಆದ್ದರಿಂದ ಸಂಶೋಧನೆ ಎಲ್ಲಿಗೆ ಬಂದಿದೆ, ಎಲ್ಲಿ ಎಡವಿತು, ಯಾಕೆ ಎಡವಿತು ಎಂಬ ಪೂರ್ತಿ ಲೆಕ್ಕ ಜನರ ಮುಂದಿರಬೇಕು. ಸೋಲುಗಳ ಪುಟಗಳನ್ನು ಹರಿದಿಟ್ಟು ಭರವಸೆಯ ಪುಟವೊಂದನ್ನೇ ಓದಿದರೆ ಅದು ಪ್ರಚಾರವಾದೀತು, ಅದರಿಂದ ಯಾರಿಗೂ ತಿಳಿವಳಿಕೆ ಬರದು.

ಈ ದಿನಾಚರಣೆಯ ಮೂಲದಲ್ಲೇ ಒಂದು ಭರವಸೆ ಇದೆ. 1997ರ ಮೇ 18ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಬಾಲ್ಟಿಮೋರ್‌ನ ಮಾರ್ಗನ್ ಸ್ಟೇಟ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭದಲ್ಲಿ ಮಾತನಾಡುತ್ತ, ಹತ್ತು ವರ್ಷದೊಳಗೆ ಏಡ್ಸ್ ಲಸಿಕೆ ಕಂಡುಹಿಡಿಯುವುದು ರಾಷ್ಟ್ರದ ಗುರಿಯಾಗಲಿ ಎಂದರು. ಅದಕ್ಕಾಗಿಯೇ ಒಂದು ಲಸಿಕಾ ಸಂಶೋಧನಾ ಕೇಂದ್ರವನ್ನೂ ಘೋಷಿಸಿದರು. ಮರುವರ್ಷದಿಂದ ಆ ತಾರೀಖು ಜಾಗೃತಿ ದಿನವಾಯಿತು. ಅದಕ್ಕೂ ಮೊದಲು, 1984ರ ಏಪ್ರಿಲ್‌ನಲ್ಲಿ, ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಪತ್ರಿಕಾಗೋಷ್ಠಿ ಕರೆದು ಏಡ್ಸ್‌ಗೆ ಕಾರಣವಾದ ವೈರಸ್ ಪತ್ತೆಯಾಗಿದೆ ಎಂದು ಸಾರಿದ್ದರು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಹಿಂದಿನ ವರ್ಷವೇ ಅದನ್ನು ಬೇರ್ಪಡಿಸಿದ್ದರು ಎಂಬುದು ಬೇರೆ ಜಗಳದ ಕಥೆ. ಸುಮಾರು ಎರಡು ವರ್ಷದಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾಗುವ ನಿರೀಕ್ಷೆ ಇದೆ ಎಂದೂ ಹೆಕ್ಲರ್ ಅಂದು ಹೇಳಿದರು. ಪರೀಕ್ಷೆಗೆ ಸಿದ್ಧ ಎಂಬುದು ಜನರ ಕಿವಿಗೆ ಬಳಕೆಗೆ ಸಿದ್ಧ ಎಂದು ಬಿದ್ದಿದ್ದರೆ ಅಚ್ಚರಿಯಿಲ್ಲ. ಎರಡು ವರ್ಷವೂ ಕಳೆಯಿತು, ಕ್ಲಿಂಟನ್ ಹೇಳಿದ ಹತ್ತು ವರ್ಷವೂ ಕಳೆಯಿತು, ಈಗ ನಾಲ್ಕು ದಶಕ ದಾಟಿದೆ. ಈ ನಡುವೆ ಪತ್ರಿಕೆಗಳಲ್ಲಿ ಎರಡೇ ಬಗೆಯ ಸುದ್ದಿ: ಒಂದೋ ‘ಲಸಿಕೆ ಬಂದೇ ಬಿಟ್ಟಿತು’, ಇಲ್ಲವೇ ‘ಲಸಿಕೆ ವಿಫಲ’. ನಡುವಿನ ದಾರಿಯನ್ನು ಯಾರೂ ಹೇಳದ್ದರಿಂದ ಓದುಗ ಎರಡನ್ನೂ ನಂಬುವುದನ್ನು ಬಿಟ್ಟ.

ಮೊದಲಿಗೆ, ಇದು ಯಾಕಿಷ್ಟು ಕಷ್ಟ ಎಂಬುದನ್ನು ನೋಡೋಣ. ದಡಾರ, ಸಿಡುಬು, ಪೋಲಿಯೊದಂಥ ರೋಗಗಳಲ್ಲಿ ಬಹುಪಾಲು ರೋಗಿಗಳು ತಮ್ಮ ದೇಹದ ಶಕ್ತಿಯಿಂದಲೇ ವೈರಸ್ಸನ್ನು ಹೊರಹಾಕುತ್ತಾರೆ, ಆಮೇಲೆ ಆ ರೋಗ ಅವರ ಹತ್ತಿರ ಸುಳಿಯುವುದಿಲ್ಲ. ಲಸಿಕೆ ಮಾಡುವವರಿಗೆ ಆಗ ಕಣ್ಣೆದುರು ಮಾದರಿ ಇರುತ್ತದೆ: ಗುಣವಾದವನ ದೇಹ ಏನು ಮಾಡಿತೋ ಅದನ್ನೇ ರೋಗ ಬರುವ ಮೊದಲೇ ಕಲಿಸಬೇಕು. ಎಚ್‌ಐವಿಯಲ್ಲಿ ಆ ಮಾದರಿ ಇಲ್ಲ. ತಾನಾಗಿಯೇ ಗುಣವಾದವರನ್ನು ಹುಡುಕಿದರೆ ಬೆರಳೆಣಿಕೆಯ ಅಪವಾದಗಳೂ ಕಷ್ಟದಿಂದ ಸಿಗುತ್ತವೆ. ಈ ವೈರಸ್ ಹೊಕ್ಕುವುದೇ ರೋಗನಿರೋಧಕ ವ್ಯವಸ್ಥೆಯ ಮುಂದಾಳುಗಳಾದ ಸಿಡಿ4 ಜೀವಕೋಶಗಳಿಗೆ. ಹೊಕ್ಕ ಮೇಲೆ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಆ ಕೋಶದ ಸ್ವಂತ ಡಿಎನ್‌ಎಯೊಳಗೆ ಸೇರಿಸಿಬಿಡುತ್ತದೆ. ಪಹಣಿಯಲ್ಲಿ ಒಮ್ಮೆ ಹೆಸರು ಏರಿಸಿಕೊಂಡವನನ್ನು ಜಮೀನಿನಿಂದ ಎಬ್ಬಿಸುವುದು ಎಷ್ಟು ಕಷ್ಟವೋ, ಕೋಶದ ಪೀಳಿಗೆಯ ಬರಹದಲ್ಲಿ ತನ್ನ ಹೆಸರು ಬರೆಸಿಕೊಂಡ ಈ ವೈರಸ್ಸನ್ನು ತೆಗೆಯುವುದೂ ಅಷ್ಟೇ ಕಷ್ಟ. ಹಾಗಾಗಿ ಲಸಿಕೆಗೆ ಸಿಗುವ ಅವಕಾಶ ಬಹಳ ಚಿಕ್ಕದು. ವೈರಸ್ ದೇಹ ಸೇರಿ ಬೇರೂರುವ ಮೊದಲ ಕೆಲವೇ ದಿನಗಳಲ್ಲಿ ಅದನ್ನು ತಡೆಯಬೇಕು.

ಎರಡನೆಯ ಕಷ್ಟ ಅದರ ವೇಷ. ಡಿಎನ್‌ಎಗೆ ತಿರುಗಿಸುವ ಕೆಲಸದಲ್ಲಿ ಎಚ್‌ಐವಿಯ ಕಿಣ್ವ ತಪ್ಪಿನ ಮೇಲೆ ತಪ್ಪು ಮಾಡುತ್ತದೆ, ತಿದ್ದುವ ಗೋಜಿಗೂ ಹೋಗುವುದಿಲ್ಲ. ಚಿಕಿತ್ಸೆ ಇಲ್ಲದ ಒಬ್ಬ ಸೋಂಕಿತನ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಹಲವು ಒಂದಕ್ಕಿಂತ ಒಂದು ಕೊಂಚ ಬೇರೆ. ಫ್ಲೂ ವೈರಸ್ ಇಡೀ ಜಗತ್ತಿನಲ್ಲಿ ಒಂದು ವರ್ಷದಲ್ಲಿ ಬದಲಾಗುವಷ್ಟು ಎಚ್‌ಐವಿ ಒಬ್ಬನೇ ಮನುಷ್ಯನ ಮೈಯಲ್ಲಿ ಬದಲಾಗಬಲ್ಲದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮೇಲಾಗಿ ಅದರ ಹೊರಕವಚದ ಪ್ರೋಟೀನಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯ ಅಣುಗಳು. ಆ ಸಕ್ಕರೆ ನಮ್ಮ ದೇಹದ್ದೇ ಆದ್ದರಿಂದ ಪ್ರತಿಕಾಯಗಳು ಅದನ್ನು ಪರಕೀಯವೆಂದು ಗುರುತಿಸುವುದಿಲ್ಲ. ಸಕ್ಕರೆಯ ಈ ಹೊದಿಕೆಯ ಸಂದುಗಳಲ್ಲಿ ಬದಲಾಗದ ಕೆಲವು ಜಾಗಗಳಿವೆ. ವೈರಸ್ಸು ಸಿಡಿ4 ಕೋಶಕ್ಕೆ ಅಂಟಿಕೊಳ್ಳುವ ತಾಣ ಅಂಥದೊಂದು. ಸೋಂಕಿತರಲ್ಲಿ ಒಂದು ಸಣ್ಣ ಪಾಲಿನ ಜನರ ದೇಹ ಎರಡು ಮೂರು ವರ್ಷಗಳ ಹೋರಾಟದ ನಂತರ ಈ ಜಾಗಗಳನ್ನು ಹಿಡಿಯುವ ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ನಾನಾ ತಳಿಗಳನ್ನು ಒಟ್ಟಿಗೆ ತಡೆಯಬಲ್ಲ ಪ್ರತಿಕಾಯಗಳು ಇವು. ಆದರೆ ಅಷ್ಟು ಹೊತ್ತಿಗೆ ಆ ರೋಗಿಗೆ ಅವುಗಳಿಂದ ಪ್ರಯೋಜನವಿರುವುದಿಲ್ಲ, ವೈರಸ್ ಬೇರೂರಿ ಮುಂದೆ ಹೋಗಿರುತ್ತದೆ. ಅದೇ ಪ್ರತಿಕಾಯಗಳನ್ನು ಆರೋಗ್ಯವಂತನ ದೇಹದಲ್ಲಿ ಸೋಂಕಿಗೆ ಮೊದಲೇ ಹುಟ್ಟಿಸುವುದು ಹೇಗೆ ಎಂಬುದೇ ಇಂದಿನ ಲಸಿಕೆ ವಿಜ್ಞಾನದ ಮುಖ್ಯ ಪ್ರಶ್ನೆ.

ಈಗ ಪ್ರಯೋಗಗಳ ಕಡೆಗೆ ಬರೋಣ. ಜನರ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಒಂದಿಷ್ಟು ರಕ್ಷಣೆ ತೋರಿಸಿದ್ದು ಒಂದೇ, ಥಾಯ್ಲೆಂಡಿನದು. ರಯೋಂಗ್ ಮತ್ತು ಚೋನ್‌ಬುರಿ ಪ್ರಾಂತ್ಯಗಳಲ್ಲಿ 2003ರಲ್ಲಿ ಶುರುವಾದ ಅದರಲ್ಲಿ 16,000ಕ್ಕೂ ಹೆಚ್ಚು ಜನ ಸೇರಿದ್ದರು. ಬಹುಪಾಲು ಸಾಮಾನ್ಯ ಯುವಕ ಯುವತಿಯರು. ಅರ್ಧದಷ್ಟು ಜನರಿಗೆ ಆರು ತಿಂಗಳಲ್ಲಿ ಎರಡು ಬಗೆಯ ಲಸಿಕೆಗಳನ್ನು ಕೊಟ್ಟರು, ಇನ್ನರ್ಧಕ್ಕೆ ಔಷಧವಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಎಂದು ಚುಚ್ಚಿದವರಿಗೂ ಗೊತ್ತಿಲ್ಲ, ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ. ಆ ಎರಡು ಲಸಿಕೆಗಳಲ್ಲಿ ಒಂದು ಆಗಲೇ ಬೇರೆಡೆ ಸೋತಿತ್ತು. ಈ ಪ್ರಯೋಗವೇ ವ್ಯರ್ಥ ಎಂದು 22 ಮಂದಿ ವಿಜ್ಞಾನಿಗಳು 2004ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮೂರು ವರ್ಷ ಎಲ್ಲರನ್ನೂ ಗಮನಿಸಿದ ಮೇಲೆ, 2009ರಲ್ಲಿ ಲೆಕ್ಕ ಹೊರಬಿತ್ತು: ಲಸಿಕೆ ಪಡೆದವರಲ್ಲಿ 51 ಮಂದಿಗೆ ಸೋಂಕು, ಪಡೆಯದವರಲ್ಲಿ 74 ಮಂದಿಗೆ. ಶೇ. 31ರಷ್ಟು ರಕ್ಷಣೆ. ಈ ಎರಡು ಸಂಖ್ಯೆಗಳನ್ನು ಸ್ವಲ್ಪ ನಿಂತು ನೋಡಬೇಕು. ಎರಡೂ ಗುಂಪಿನಲ್ಲಿ ಎಂಟೆಂಟು ಸಾವಿರ ಜನ, ವ್ಯತ್ಯಾಸ ಕೇವಲ 23. ಇಷ್ಟು ಚಿಕ್ಕ ವ್ಯತ್ಯಾಸ ಕಾಕತಾಳೀಯವೂ ಆಗಿರಬಹುದೆಂಬ ಅನುಮಾನ ಕೆಲವರಿಗೆ ಇನ್ನೂ ಇದೆ, ಅದು ಅಸಂಬದ್ಧ ಅನುಮಾನವಲ್ಲ. ಮೊದಲ ವರ್ಷ ರಕ್ಷಣೆ ಹೆಚ್ಚಿದ್ದು ಆಮೇಲೆ ಇಳಿಯುತ್ತ ಬಂತು ಎಂಬುದೂ ಕಂಡುಬಂತು. ಬಳಕೆಗೆ ತರಲು ಇದು ಸಾಲದಾಯಿತು. ಆದರೂ ಎಚ್‌ಐವಿ ವಿರುದ್ಧ ಮನುಷ್ಯರಲ್ಲಿ ಲಸಿಕೆ ಸಾಧ್ಯವೇ ಇಲ್ಲ ಎಂಬ ಮಾತಿಗೆ ಮೊದಲ ಬಾರಿಗೆ ಅಂಕಿಅಂಶದ ಉತ್ತರ ಸಿಕ್ಕಿತು.

ಆ ಲಸಿಕೆಯನ್ನು ದಕ್ಷಿಣ ಆಫ್ರಿಕದ ವೈರಸ್ ತಳಿಗೆ ತಕ್ಕಂತೆ ಮಾರ್ಪಡಿಸಿ 5,407 ಜನರ ಮೇಲೆ ಪರೀಕ್ಷಿಸಿದರು. 2020ರ ಫೆಬ್ರುವರಿಯಲ್ಲಿ ನಿಲ್ಲಿಸಬೇಕಾಯಿತು: ಲಸಿಕೆ ಪಡೆದವರಲ್ಲಿ 129 ಸೋಂಕು, ಪಡೆಯದವರಲ್ಲಿ 123. ಬೇರೆ ಬಗೆಯ ಎರಡು ದೊಡ್ಡ ಪ್ರಯೋಗಗಳು, ಆಫ್ರಿಕದ ಮಹಿಳೆಯರಲ್ಲಿ ನಡೆದ ‘ಇಂಬೊಕೊಡೊ’ 2021ರಲ್ಲಿ, ಅಮೆರಿಕ ಖಂಡಗಳಲ್ಲೂ ಯೂರೋಪಿನಲ್ಲೂ ನಡೆದ ‘ಮೊಸೈಕೊ’ 2023ರಲ್ಲಿ ನಿಂತವು. ಇವೆಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು 2007ರ ‘ಸ್ಟೆಪ್’ ಪ್ರಯೋಗ. ಅದರಲ್ಲಿ ಲಸಿಕೆ ಪಡೆದ ಪುರುಷರಲ್ಲಿ 49 ಮಂದಿಗೆ ಸೋಂಕು ತಗುಲಿತ್ತು, ಪಡೆಯದವರಲ್ಲಿ 33 ಮಂದಿಗೆ. ಲಸಿಕೆಯನ್ನು ಹೊತ್ತೊಯ್ಯಲು ಬಳಸಿದ ನೆಗಡಿಯ ವೈರಸ್ಸಿಗೆ ಮೊದಲೇ ಪ್ರತಿಕಾಯ ಇದ್ದವರಲ್ಲಿ ಮತ್ತು ಸುನ್ನತಿ ಆಗಿರದವರಲ್ಲಿ ಈ ಅಪಾಯ ಎದ್ದು ಕಂಡಿತು. ಲಸಿಕೆಯಿಂದಲೇ ಎಚ್‌ಐವಿ ಬಂತು ಎಂದು ಇದರ ಅರ್ಥವಲ್ಲ. ಈ ಯಾವ ಲಸಿಕೆಯಲ್ಲೂ ಜೀವಂತ ಎಚ್‌ಐವಿ ಇರುವುದಿಲ್ಲ, ವೈರಸ್ಸಿನ ಒಂದೆರಡು ತುಣುಕುಗಳಷ್ಟೇ. ಅದರಿಂದ ಸೋಂಕು ತಗುಲುವುದು ಸಾಧ್ಯವಿಲ್ಲ. ಹೊರಗಿನಿಂದ ಬಂದ ವೈರಸ್ಸಿಗೆ ದೇಹದ ಬಾಗಿಲು ಹೆಚ್ಚು ತೆರೆದುಕೊಂಡಿರಬಹುದು, ಅಷ್ಟೇ. ಅಷ್ಟೇ ಎಂದು ಹೇಳಿಬಿಡುವುದು ಸುಲಭ. ತೋಳು ಒಡ್ಡಿದವರಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಪ್ರಯೋಗ ನಡೆಸಿದವರು ಅದನ್ನು ಮುಚ್ಚಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಚುಚ್ಚುವುದನ್ನು ಕೂಡಲೇ ನಿಲ್ಲಿಸಿದರು, ಯಾರಿಗೆ ಯಾವುದು ಸಿಕ್ಕಿತ್ತೆಂದು ಭಾಗವಹಿಸಿದವರಿಗೆಲ್ಲ ತಿಳಿಸಿದರು, ಅಂಕಿಗಳನ್ನು ಪ್ರಕಟಿಸಿದರು.

ಈ ಪಟ್ಟಿ ಕೇಳಿದವರು, ‘ಸಾಕು ಮಾಡಿ, ನಲವತ್ತು ವರ್ಷದ ದುಡ್ಡು ನೀರಿಗೆ ಹೋಯಿತಲ್ಲ, ಕೋವಿಡ್‌ಗೆ ಒಂದೇ ವರ್ಷದಲ್ಲಿ ಲಸಿಕೆ ಬರಲಿಲ್ಲವೇ’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರದ ಅರ್ಧ ಭಾಗವನ್ನು ಆಗಲೇ ಹೇಳಿದ್ದೇನೆ: ಕೋವಿಡ್ ಬಂದವರಲ್ಲಿ ಬಹುಪಾಲು ಜನ ತಾವಾಗಿಯೇ ಗುಣವಾದರು, ದೇಹ ದಾರಿ ತೋರಿಸಿತ್ತು. ಉಳಿದರ್ಧ ಇನ್ನೂ ಸ್ವಾರಸ್ಯದ್ದು. ಕ್ಲಿಂಟನ್ ಅಂದು ಘೋಷಿಸಿದ ಲಸಿಕಾ ಸಂಶೋಧನಾ ಕೇಂದ್ರ ಏಡ್ಸ್ ಲಸಿಕೆಯನ್ನು ಇನ್ನೂ ಕೊಟ್ಟಿಲ್ಲ, ಆದರೆ ಕೊರೊನಾ ವೈರಸ್ಸಿನ ಮುಳ್ಳಿನ ಪ್ರೋಟೀನನ್ನು ಅದರ ಮೂಲ ಆಕಾರದಲ್ಲೇ ಹಿಡಿದು ನಿಲ್ಲಿಸುವ ವಿದ್ಯೆಯ ದೊಡ್ಡ ಭಾಗ ಬೆಳೆದದ್ದು ಅಲ್ಲಿ. ಜಾನ್ಸನ್ ಅಂಡ್ ಜಾನ್ಸನ್ ಕೋವಿಡ್ ಲಸಿಕೆಗೆ ಬಳಸಿದ ವಾಹಕ ವೈರಸ್ಸೂ ಇಂಬೊಕೊಡೊ ಪ್ರಯೋಗದ್ದೂ ಒಂದೇ. ಎಚ್‌ಐವಿ ಲಸಿಕೆಗಾಗಿ ಕಟ್ಟಿದ್ದ ಆಸ್ಪತ್ರೆಗಳ ಜಾಲದಲ್ಲೇ ಕೋವಿಡ್ ಲಸಿಕೆಗಳ ಹಲವು ದೊಡ್ಡ ಪ್ರಯೋಗಗಳು ನಡೆದವು. ಎಚ್‌ಐವಿಗೆಂದು ಸುರಿದ ದುಡ್ಡಿನ ಒಂದು ಪಾಲು ನಮಗೆ ಬೇರೊಂದು ಬಾಗಿಲಿನಿಂದ ವಾಪಸು ಬಂದಿದೆ. ಸ್ವತಃ ಎಚ್‌ಐವಿ ಸಂಶೋಧನೆಯೂ ನಿಂತಲ್ಲೇ ನಿಂತಿಲ್ಲ. ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಸ್ಥೆಯ ವಿಲಿಯಂ ಶೀಫ್ ಮತ್ತವರ ಸಂಗಡಿಗರು ಆ ಅಪರೂಪದ ಪ್ರತಿಕಾಯಗಳನ್ನು ಮುಂದೆ ಮಾಡಬಲ್ಲ ಕೋಶಗಳನ್ನೇ ಗುರಿಯಿಟ್ಟು ಎಬ್ಬಿಸುವ ಪ್ರೋಟೀನೊಂದನ್ನು ರೂಪಿಸಿದರು. 2022ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ ಅದನ್ನು ಪಡೆದ 36 ಜನರಲ್ಲಿ 35 ಜನರ ದೇಹದಲ್ಲಿ ಆ ಕೋಶಗಳು ಎಚ್ಚೆತ್ತವು. ಇದು ರಕ್ಷಣೆಯಲ್ಲ, ರಕ್ಷಣೆಯ ದಾರಿಯ ಮೊದಲ ಮೆಟ್ಟಿಲು. ಮೆಟ್ಟಿಲುಗಳು ಎಷ್ಟಿವೆ ಎಂದು ಯಾರೂ ಖಚಿತವಾಗಿ ಹೇಳಲಾರರು, ಹೇಳುವವರನ್ನು ನಂಬಬೇಡಿ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಒಳ್ಳೆಯ ಔಷಧ ಇರುವಾಗ ಲಸಿಕೆ ಏತಕ್ಕೆ? ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಿಂದ ಸರ್ಕಾರಿ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸಾ ಕೇಂದ್ರಗಳಲ್ಲಿ ಮಾತ್ರೆ ಉಚಿತ. ದಿನವೂ ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗುತ್ತದೆ, ಅಂಥವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಇನ್ನು ಸೋಂಕಿಲ್ಲದವರ ರಕ್ಷಣೆಗೆ ಲೆನಕಾಪವಿರ್ ಎಂಬ, ವರ್ಷಕ್ಕೆ ಎರಡೇ ಸಲದ ಚುಚ್ಚುಮದ್ದು ಬಂದಿದೆ. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. 2024ರಲ್ಲಿ ಈ ಫಲಿತಾಂಶ ಬಂದಾಗ ವಿಜ್ಞಾನಿಗಳೇ ಬೆರಗಾದರು. ಅಮೆರಿಕದಲ್ಲಿ ವರ್ಷಕ್ಕೆ 28,000 ಡಾಲರ್ ದಾಟುವ ಅದನ್ನು ನಮ್ಮ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ 40 ಡಾಲರಿಗೆ ಕೊಡಲಿವೆ. ಇದೇ ಸಾಲದೇ?

ಇದು ದೊಡ್ಡ ಮಾತು, ಅಲ್ಲಗಳೆಯಲಾರೆ. ಎಚ್‌ಐವಿ ತಡೆಗೆ ಈ ಕ್ಷಣ ಸರ್ಕಾರದ ಕೈಯಲ್ಲಿ ಒಂದು ರೂಪಾಯಿ ಇದ್ದರೆ ಅದು ಔಷಧಕ್ಕೂ ಇಂಥ ಚುಚ್ಚುಮದ್ದಿಗೂ ಹೋಗಲಿ ಎಂದೇ ನಾನೂ ಹೇಳುವೆ. ಆದರೆ ಲೆನಕಾಪವಿರ್ ಲಸಿಕೆಯಲ್ಲ. ಅದು ದೇಹಕ್ಕೆ ಏನನ್ನೂ ಕಲಿಸುವುದಿಲ್ಲ. ಆರು ತಿಂಗಳು ಮುಗಿದು ಮತ್ತೆ ಚುಚ್ಚಿಸಿಕೊಳ್ಳದಿದ್ದರೆ ರಕ್ಷಣೆಯೂ ಮುಗಿಯಿತು. ಪ್ರತಿ ಆರು ತಿಂಗಳಿಗೆ ಒಬ್ಬ ಮನುಷ್ಯ, ಬಹುಪಾಲು ಸಮಾಜ ಕೆಟ್ಟ ಕಣ್ಣಿನಿಂದ ನೋಡುವ ಒಬ್ಬ ಮನುಷ್ಯ, ಆಸ್ಪತ್ರೆಗೆ ಬಂದು ತನಗೆ ಅಪಾಯವಿದೆ ಎಂದು ಒಪ್ಪಿಕೊಳ್ಳಬೇಕು. ಸರಬರಾಜು ಪ್ರತಿ ವರ್ಷವೂ ತಪ್ಪದೆ ಬರಬೇಕು, ಅದಕ್ಕೆ ಹಣ ತಪ್ಪದೆ ಬರಬೇಕು. ಹಣ ತಪ್ಪಿದರೆ ಏನಾಗುತ್ತದೆಂದು 2025 ತೋರಿಸಿತು. ಆ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿದಾಗ ಆಫ್ರಿಕದ ಹಲವು ದೇಶಗಳಲ್ಲಿ ಎಚ್‌ಐವಿ ಕ್ಲಿನಿಕ್‌ಗಳು ರಾತ್ರೋರಾತ್ರಿ ಬಾಗಿಲು ಹಾಕಿದವು. ವಿಶ್ವಸಂಸ್ಥೆಯ ಏಡ್ಸ್ ವಿಭಾಗದ ಅಂದಾಜಿನಲ್ಲಿ 2024ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಸೋಂಕು ತಗುಲಿದವರು 13 ಲಕ್ಷ ಮಂದಿ; ಔಷಧ, ಕಾಂಡೋಮ್, ತಿಳಿವಳಿಕೆ ಎಲ್ಲ ಇದ್ದೂ 13 ಲಕ್ಷ. ಹೊರಗಿನ ಹಣದ ಕೃಪೆಯಲ್ಲಿ ಜೀವನಪರ್ಯಂತ ನಡೆಯಬೇಕಾದ ರಕ್ಷಣೆಗೂ, ಹತ್ತಿಪ್ಪತ್ತು ವರ್ಷ ದೇಹದಲ್ಲೇ ಉಳಿಯುವ ರಕ್ಷಣೆಗೂ ಇರುವ ವ್ಯತ್ಯಾಸ ಇದೇ. ಅಂದಹಾಗೆ, ಅದೇ ವರ್ಷದ ಕತ್ತರಿ ಲಸಿಕೆಯ ಮೇಲೂ ಬಿತ್ತು. ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಮುನ್ನಡೆಸುತ್ತಿದ್ದ ಲಸಿಕಾ ಯೋಜನೆ ನೆರವು ಕಳೆದುಕೊಂಡಿತು. ಸ್ಕ್ರಿಪ್ಸ್ ಸಂಸ್ಥೆ ಮತ್ತು ಡ್ಯೂಕ್ ವಿಶ್ವವಿದ್ಯಾಲಯದ ದೊಡ್ಡ ಲಸಿಕಾ ಒಕ್ಕೂಟಗಳಿಗೆ ಹಣ ಮುಂದುವರಿಸುವುದಿಲ್ಲ ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ತಿಳಿಸಿತು. ಮೊದಲ ಮೆಟ್ಟಿಲು ಹತ್ತಿದ ಹೊತ್ತಿಗೇ ಏಣಿ ಅಲುಗಾಡಿತು. ಜನಕ್ಕೆ ಆ ಸಂಶೋಧನೆಯ ಸುದ್ದಿಯೇ ಗೊತ್ತಿಲ್ಲದಿದ್ದರೆ ಅದನ್ನು ನಿಲ್ಲಿಸಿದಾಗ ಕೇಳುವವರು ಯಾರು?

ಇಲ್ಲಿ ನಮ್ಮ ಪಾಲೂ ಇದೆ. ಭಾರತದಲ್ಲಿ ಸುಮಾರು 25 ಲಕ್ಷ ಸೋಂಕಿತರಿದ್ದಾರೆ. ಮಹಾರಾಷ್ಟ್ರ, ಆಂಧ್ರಪ್ರದೇಶ ಬಿಟ್ಟರೆ ಹೆಚ್ಚಿನವರು ಕರ್ನಾಟಕದಲ್ಲೇ. ನಮ್ಮಲ್ಲಿ ಹರಡಿರುವುದು ಬಹುಮಟ್ಟಿಗೆ ‘ಸಿ’ ಎಂಬ ಉಪತಳಿ, ದಕ್ಷಿಣ ಆಫ್ರಿಕದಲ್ಲೂ ಅದೇ. ಜಗತ್ತಿನ ಸೋಂಕಿತರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿರುವುದು ಈ ತಳಿ. ಆದರೆ ಪ್ರಯೋಗಾಲಯಗಳಲ್ಲಿ ಬಹುಕಾಲ ಹೆಚ್ಚು ಅಭ್ಯಾಸವಾದದ್ದು ಅಮೆರಿಕ, ಯೂರೋಪಿನ ‘ಬಿ’ ತಳಿ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ‘ಸಿ’ ತಳಿಯ ನಡವಳಿಕೆಯನ್ನೇ ಅಭ್ಯಾಸ ಮಾಡುತ್ತ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ವೈರಸ್ಸಿನ ಹೊರಕವಚದ ಪ್ರೋಟೀನನ್ನು ಲಸಿಕೆಗೆ ತಕ್ಕಂತೆ ರೂಪಿಸುವ ಕೆಲಸ ಮಾಡಿದೆ. ನಮ್ಮ ಶಾಲೆ ಕಾಲೇಜುಗಳ ಏಡ್ಸ್ ದಿನದ ಭಾಷಣಗಳಲ್ಲಿ ಇವರ ಕೆಲಸದ ಸುದ್ದಿ ಬಂದದ್ದು ಅಪರೂಪ. ಡಿಸೆಂಬರ್ 1ರಂದು ಕೆಂಪು ರಿಬ್ಬನ್, ಒಂದು ಜಾಥಾ, ಒಂದು ಪ್ರಬಂಧ ಸ್ಪರ್ಧೆ, ಅಲ್ಲಿಗೆ ಮುಗಿಯುತ್ತದೆ.

ಮೂರನೆಯ ಆಕ್ಷೇಪಣೆಯನ್ನು ನಾನು ಅತ್ಯಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ: ನಮ್ಮ ಬಡವರನ್ನು ಪ್ರಯೋಗದ ಇಲಿಗಳನ್ನಾಗಿ ಮಾಡುತ್ತಾರೆ ಎಂಬ ಭಯ. ಭಾರತದಲ್ಲಿ ಎಚ್‌ಐವಿ ಲಸಿಕೆಯ ಮೊದಲ ಪ್ರಯೋಗ 2005ರಲ್ಲಿ ಪುಣೆಯಲ್ಲಿ 30 ಸ್ವಯಂಸೇವಕರೊಂದಿಗೆ ಶುರುವಾಯಿತು, ಆಮೇಲೆ ಚೆನ್ನೈಯಲ್ಲೂ ನಡೆಯಿತು. ಅವು ಸುರಕ್ಷತೆ ನೋಡುವ ಚಿಕ್ಕ ಪ್ರಯೋಗಗಳು. ಭಯಕ್ಕೆ ಕಾರಣ ಬೇರೆಡೆ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹುಡುಗಿಯರಿಗೆ ಕೊಡುವ ಅಧ್ಯಯನ ನಡೆಯಿತು. ಖಮ್ಮಮ್ಮಿನ ಹಾಸ್ಟೆಲುಗಳಲ್ಲಿದ್ದ ಬುಡಕಟ್ಟು ಹುಡುಗಿಯರ ಪರವಾಗಿ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಅಧ್ಯಯನವನ್ನು ತಡೆಹಿಡಿದರು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಆ ಲಸಿಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಳ್ಳೆಯ ಲಸಿಕೆಯೇ. ಕೆಟ್ಟದ್ದು ಒಪ್ಪಿಗೆ ಪಡೆದ ರೀತಿ. ಆ ಒಂದು ಅಡ್ಡದಾರಿ ಮುಂದಿನ ಹಲವು ವರ್ಷ ಆ ಲಸಿಕೆಯ ಹೆಸರಿಗೇ ಮಸಿ ಬಳಿಯಿತು. ಈಗ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಿವೆ, ನೋಂದಾಯಿತ ನೈತಿಕ ಸಮಿತಿಯ ಅನುಮತಿ ಬೇಕು, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಕಾಗದದ ಮೇಲೆ ಎಲ್ಲ ಸರಿ. ಆದರೆ ‘ಯಾದೃಚ್ಛಿಕ ವಿಂಗಡಣೆ’ ಎಂದು ಅಚ್ಚು ಹಾಕಿದ ಒಪ್ಪಿಗೆ ಪತ್ರವನ್ನು ಓದಿ ಅರ್ಥ ಮಾಡಿಕೊಂಡೇ ಹೆಬ್ಬೆಟ್ಟು ಒತ್ತಿದರು ಎಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ‘ಚೀಟಿ ಎತ್ತಿದ ಹಾಗೆ ಯಾರಿಗೆ ಯಾವುದು ಬರುತ್ತದೆಂದು ಗೊತ್ತಿಲ್ಲ, ನಿಮಗೆ ಬರೀ ಉಪ್ಪುನೀರೂ ಸಿಗಬಹುದು, ಇದರಿಂದ ರಕ್ಷಣೆ ಸಿಕ್ಕಿತೆಂದು ತಿಳಿಯಬೇಡಿ’ ಎಂದು ಬರೆದರೆ ಅರ್ಥವಾಗುತ್ತದೆ. ಪ್ರಯೋಗದ ಇಲಿಯಾಗುವ ಭಯಕ್ಕೆ ಮದ್ದು ಪ್ರಯೋಗವೇ ಬೇಡ ಎನ್ನುವುದರಲ್ಲಿಲ್ಲ. ಪ್ರಶ್ನೆ ಕೇಳಬಲ್ಲ ಜನ ಇದ್ದಲ್ಲಿ ಅಡ್ಡದಾರಿ ಹಿಡಿಯುವುದು ಕಷ್ಟ, ಪ್ರಶ್ನೆ ಕೇಳುವುದಕ್ಕೆ ಮೊದಲೇ ವಿಷಯ ಗೊತ್ತಿರಬೇಕು.

ಗೊತ್ತಿರಬೇಕಾದವರು ಸ್ವಯಂಸೇವಕರು ಮಾತ್ರವಲ್ಲ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎಚ್‌ಐವಿಯ ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧದ ಪ್ರತಿಕಾಯವನ್ನು. ಪ್ರಯೋಗದ ಲಸಿಕೆ ಪಡೆದವರಲ್ಲಿ ಅಂಥ ಪ್ರತಿಕಾಯ ಹುಟ್ಟಬಹುದು, ವರ್ಷಗಟ್ಟಲೆ ಉಳಿಯಲೂಬಹುದು. ಆಗ ಸೋಂಕೇ ಇಲ್ಲದವರ ಪರೀಕ್ಷೆ ‘ಪಾಸಿಟಿವ್’ ಎನ್ನುತ್ತದೆ. 2020ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಕೋವಿಡ್ ಲಸಿಕೆಯನ್ನು ಈ ಒಂದೇ ಕಾರಣಕ್ಕೆ ಕೈಬಿಡಬೇಕಾಯಿತು. ಅದರಲ್ಲಿ ಪ್ರೋಟೀನನ್ನು ಹಿಡಿದಿಡಲು ಎಚ್‌ಐವಿಯ ಒಂದು ನಿರಪಾಯಕಾರಿ ತುಣುಕು ಬಳಸಿದ್ದರು, ಲಸಿಕೆ ಪಡೆದವರ ಎಚ್‌ಐವಿ ಪರೀಕ್ಷೆ ತಪ್ಪಾಗಿ ಪಾಸಿಟಿವ್ ಬರತೊಡಗಿತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಹೇಗೆ ನಡೆದೀತು? ಲಸಿಕೆ ಪ್ರಯೋಗದಲ್ಲಿದ್ದ ಹೆಣ್ಣುಮಗಳೊಬ್ಬಳು ಎರಡು ವರ್ಷದ ಮೇಲೆ ಬಸುರಿಯಾಗಿ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬರುತ್ತಾಳೆ. ಬಸುರಿಯರಿಗೆಲ್ಲ ಮಾಡುವ ಎಚ್‌ಐವಿ ಪರೀಕ್ಷೆ ಅವಳಿಗೂ ಆಗುತ್ತದೆ, ಕಿಟ್ಟಿನ ಮೇಲೆ ಎರಡು ಗೆರೆ ಮೂಡುತ್ತದೆ. ಲ್ಯಾಬಿನವರಿಗೂ ಆಪ್ತಸಮಾಲೋಚಕರಿಗೂ ಇಂಥದೊಂದು ಸಾಧ್ಯತೆ ಇದೆಯೆಂದೇ ಗೊತ್ತಿಲ್ಲದಿದ್ದರೆ ಸಂಜೆಯೊಳಗೆ ಗಂಡನ ಮನೆಯಲ್ಲಿ ಅವಳ ಗತಿ ಏನೆಂದು ನಿಮಗೇ ಗೊತ್ತು. ವೈರಸ್ಸಿನ ಪೀಳಿಗೆಯ ಬರಹವನ್ನೇ ಹುಡುಕುವ ಬೇರೆ ಪರೀಕ್ಷೆಯಿಂದ ನಿಜ ತಿಳಿಯುತ್ತದೆ, ಪ್ರಯೋಗ ನಡೆಸುವವರು ಸ್ವಯಂಸೇವಕರಿಗೆ ಗುರುತಿನ ಚೀಟಿ ಕೊಡುವ ಕ್ರಮವೂ ಇದೆ. ಚೀಟಿಯನ್ನು ಓದುವವರಿಗೆ ಅದೇನೆಂದು ತಿಳಿದಿರಬೇಕು. ರಕ್ತನಿಧಿ, ವಿಮಾ ಕಚೇರಿ, ಸೈನ್ಯ ಭರ್ತಿಯ ವೈದ್ಯರು, ಎಲ್ಲರಿಗೂ ಈ ಮಾತು ಅನ್ವಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಸೋಂಕಿತರ ಮೇಲಿನ ತಾರತಮ್ಯವನ್ನು ನಿಷೇಧಿಸುತ್ತದೆ, ಗುಟ್ಟು ಕಾಪಾಡಬೇಕೆನ್ನುತ್ತದೆ. ಕಾಯಿದೆಗಿಂತ ಮೊದಲು ಓಡುವುದು ಊರಿನ ಬಾಯಿ.

ಲಸಿಕೆಯ ಸುದ್ದಿ ಹೇಳಿದರೆ ಜನ ಮೈಮರೆತು ಕಾಂಡೋಮ್ ಬಿಟ್ಟಾರು ಎಂಬ ವಾದವೂ ಉಂಟು. ಲಸಿಕೆ ಇನ್ನೂ ಬಂದಿಲ್ಲ, ಬಂದಾಗಲೂ ಪೂರ್ತಿ ರಕ್ಷಣೆ ಕೊಡಲಿಕ್ಕಿಲ್ಲ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳುವ ಜಾಗೃತಿಯಿಂದ ಮೈಮರೆವು ಹುಟ್ಟುವುದಿಲ್ಲ. ‘ಲಸಿಕೆ ಬಂದೇ ಬಿಟ್ಟಿತು’ ಎಂಬ ತಲೆಬರಹದಿಂದ ಹುಟ್ಟೀತು.

ಕೊನೆಗೆ ಇನ್ನೂ ಬಗೆಹರಿಯದ ಒಂದು ತೊಡಕು. ಥಾಯ್ಲೆಂಡಿನಲ್ಲಿ ಎರಡೂ ಗುಂಪು ಸೇರಿ 125 ಜನರಿಗೆ ಸೋಂಕು ತಗುಲಿದ್ದರಿಂದಲೇ ಲಸಿಕೆಯ ಲೆಕ್ಕ ಸಿಕ್ಕಿತು. ಅಂದು ಕಾಂಡೋಮ್ ಮತ್ತು ಸಲಹೆಗಿಂತ ಗಟ್ಟಿಯಾದ ತಡೆ ಇರಲಿಲ್ಲ, ಅವನ್ನು ಕೊಟ್ಟರೆ ಪ್ರಯೋಗಕಾರರ ಕರ್ತವ್ಯ ತೀರುತ್ತಿತ್ತು. ಇಂದು ಲೆನಕಾಪವಿರ್ ಇದೆ. ಅದನ್ನು ಮುಚ್ಚಿಟ್ಟುಕೊಂಡು ಒಂದು ಗುಂಪಿಗೆ ಉಪ್ಪುನೀರು ಚುಚ್ಚಿ ಸೋಂಕು ಎಣಿಸುತ್ತ ಕೂರುವುದು ಅನ್ಯಾಯ, ಯಾವ ನೈತಿಕ ಸಮಿತಿಯೂ ಒಪ್ಪಬಾರದು. ಎಲ್ಲರಿಗೂ ಅದನ್ನು ಕೊಟ್ಟರೆ ಸೋಂಕು ತಗುಲುವವರು ತೀರಾ ವಿರಳವಾಗುತ್ತಾರೆ, ಆಗ ಲಸಿಕೆಯ ಬಲ ಅಳೆಯಲು ಹಿಂದೆಂದಿಗಿಂತ ಎಷ್ಟೋ ಪಟ್ಟು ದೊಡ್ಡ ಗುಂಪು ಬೇಕಾಗುತ್ತದೆ. ಅದು ಬೇಡವೆಂದವರನ್ನು ಮಾತ್ರ ಸೇರಿಸಿಕೊಂಡರೆ, ಅವರು ನಿಜವಾಗಿ ಬೇಡವೆಂದರೋ ಅಥವಾ ಅವರ ಊರಿಗೆ ಅದು ತಲುಪಲೇ ಇಲ್ಲವೋ ಎಂದು ವಿಚಾರಿಸಬೇಕಾಗುತ್ತದೆ. ರಕ್ತದಲ್ಲಿನ ಪ್ರತಿಕಾಯದ ಪ್ರಮಾಣವನ್ನೇ ಅಳತೆಗೋಲು ಮಾಡಿಕೊಳ್ಳೋಣ ಎನ್ನುವ ವಿಜ್ಞಾನಿಗಳಿದ್ದಾರೆ. ಎಷ್ಟು ಪ್ರಮಾಣವಿದ್ದರೆ ರಕ್ಷಣೆ ಎಂಬುದು ಮೊದಲು ಸಾಬೀತಾಗಬೇಕಲ್ಲ ಎನ್ನುವವರೂ ಇದ್ದಾರೆ. ಮುಂದಿನ ದೊಡ್ಡ ಪ್ರಯೋಗ ‘ಸಿ’ ತಳಿ ಇರುವ ದೇಶಗಳಿಗೆ ಬಂದೇ ಬರುತ್ತದೆ, ಆ ಪಟ್ಟಿಯಲ್ಲಿ ನಾವೂ ಇದ್ದೇವೆ. ಆಗ ಈ ಪ್ರಶ್ನೆಗಳನ್ನು ಬೇರೆಯವರು ನಮ್ಮ ಪರವಾಗಿ ತೀರ್ಮಾನಿಸಿ ಒಪ್ಪಿಗೆ ಪತ್ರ ಮುಂದಿಡುವುದಕ್ಕಿಂತ, ಬೆಳಗಾವಿಯಲ್ಲೋ ಬಳ್ಳಾರಿಯಲ್ಲೋ ಸೋಂಕಿತರ ಸಂಘಗಳು, ಲೈಂಗಿಕ ಕಾರ್ಯಕರ್ತೆಯರ ಸಂಘಟನೆಗಳು, ತಾಲ್ಲೂಕಿನ ವೈದ್ಯರು ಒಟ್ಟಿಗೆ ಕೂತು ಈಗಲೇ ಚರ್ಚಿಸಿದರೆ ಲೇಸು. ಇಂಥ ಪ್ರಶ್ನೆಗಳಿರುವವರು, ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ತಿಳಿಯಬೇಕಾದವರು ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.